ಸಾಕುಮೊಲಕ್ಕೆ ವಿಮೆಯೋ, ಉಳಿತಾಯವೋ?

ಬ್ರಿಟನ್ನಿನ ಮನೆಗಳಲ್ಲಿ ನಾಯಿ, ಬೆಕ್ಕುಗಳ ನಂತರ ಹೆಚ್ಚಾಗಿ ಕಾಣುವ ಸಾಕುಪ್ರಾಣಿಗಳಲ್ಲಿ ಮೊಲವೂ ಒಂದು. ಇಲ್ಲಿ ನೆಲೆಸಿರುವ ನನ್ನ ಪರಿಚಯದ ಕನ್ನಡ ಕುಟುಂಬಗಳಿಗೆ ಅದು ಬಂದ ದಾರಿ ಬಹುಮಟ್ಟಿಗೆ ಒಂದೇ. ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿಯುತ್ತಾರೆ. ಇಬ್ಬರೂ ಕೆಲಸಕ್ಕೆ ಹೋಗುವ ತಂದೆತಾಯಿ ನಾಯಿ ಸಾಧ್ಯವಿಲ್ಲ ಎನ್ನುತ್ತಾರೆ. ಕೊನೆಗೆ ರಾಜಿಯ ರೂಪದಲ್ಲಿ ಮೊಲ ಮನೆ ಸೇರುತ್ತದೆ. ಸಣ್ಣ ಪ್ರಾಣಿ, ಸದ್ದು ಮಾಡುವುದಿಲ್ಲ, ಹುಲ್ಲು ಸೊಪ್ಪು ತಿಂದುಕೊಂಡಿರುತ್ತದೆ, ಸಸ್ಯಾಹಾರಿಗಳ ಅಡುಗೆಮನೆಗೂ ಹೊಂದುತ್ತದೆ, ಹೆಚ್ಚಿನ ಖರ್ಚಿಲ್ಲ ಎಂಬುದು ಎಲ್ಲರ ಅಂದಾಜು. ಇವುಗಳಲ್ಲಿ ಕೊನೆಯ ಅಂದಾಜೊಂದು ಮಾತ್ರ ನಿಲ್ಲುವುದಿಲ್ಲ. ಮೊಲವನ್ನು ಕೊಳ್ಳುವ ಬೆಲೆಗೂ ಅದು ಕಾಯಿಲೆ ಬಿದ್ದಾಗ ತೆರಬೇಕಾದ ಹಣಕ್ಕೂ ಯಾವ ಸಂಬಂಧವೂ ಇಲ್ಲ. ಆ ಹಣವನ್ನು ಹೊಂದಿಸಿಕೊಳ್ಳಲು ಮುಖ್ಯವಾಗಿ ಎರಡು ಮಾರ್ಗಗಳಿವೆ: ವಿಮೆ ಮಾಡಿಸುವುದು, ಇಲ್ಲವೇ ಅದಕ್ಕೆಂದೇ ಉಳಿಸಿಡುವುದು. ಇವೆರಡರ ನಡುವೆ ಹೇಗೆ ಆರಿಸಿಕೊಳ್ಳಬೇಕೆಂಬುದೇ ಈ ಲೇಖನದ ವಿಷಯ.

ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಪ್ಪತ್ತೈದು ವರ್ಷಗಳಿಂದ ಇಲ್ಲಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು ‘ಇಷ್ಟು ಹಣವಾಗುತ್ತದೆ, ಮುಂದುವರಿಯೋಣವೇ?’ ಎಂದು ಕೇಳುವ ಪ್ರಸಂಗ ನನಗೆ ಒದಗಲಿಲ್ಲ. 1948ರಲ್ಲಿ ಆರಂಭವಾದ ಆ ವ್ಯವಸ್ಥೆಯ ದೊಡ್ಡ ಉಪಕಾರವೆಂದರೆ ವೈದ್ಯನ ಬಾಯಿಂದ ಆ ಪ್ರಶ್ನೆಯನ್ನು ತೆಗೆದುಹಾಕಿದ್ದು. ಪಶುವೈದ್ಯರಿಗಾದರೋ ಅದು ದಿನನಿತ್ಯದ ಮಾತು. ಒಂದು ಜನವರಿಯಲ್ಲಿ ಸಂಕ್ರಾಂತಿಯ ವಾರ ನಮ್ಮ ಮನೆಗೆ ಎರಡು ಮರಿಗಳು ಬಂದವು. ಮಗಳು ಕಪ್ಪು ಹೆಣ್ಣಿಗೆ ಎಳ್ಳು ಎಂದೂ ಕಂದು ಗಂಡಿಗೆ ಬೆಲ್ಲ ಎಂದೂ ಹೆಸರಿಟ್ಟಳು. ಅಂದಿನಿಂದ ಆ ಪ್ರಶ್ನೆ ನಮ್ಮ ಮನೆಯೊಳಗೂ ಬಂದಿತು.

ಪ್ರಾಣಿಯ ಬೆಲೆಯಲ್ಲ, ಚಿಕಿತ್ಸೆಯ ಬೆಲೆ

ಊರಿನಲ್ಲಿರುವ ಬಂಧುಗಳಿಗೆ ಮೊಲಕ್ಕೆ ವಿಮೆ ಎಂದರೆ ನಗು ಬರುತ್ತದೆ. ಆದರೆ ಪ್ರಾಣಿಗಳ ವಿಮೆ ನಮಗೇನೂ ಹೊಸದಲ್ಲ. ಹಸು, ಎಮ್ಮೆಗಳ ಕಿವಿಗೆ ಬಿಲ್ಲೆ ಹಾಕಿ ಜಾನುವಾರು ವಿಮೆ ಮಾಡಿಸುವುದನ್ನು ಕರ್ನಾಟಕದ ರೈತ ಕುಟುಂಬಗಳು ಬಲ್ಲವು. ಆದರೆ ಅಲ್ಲಿ ವಿಮೆಯಾಗುವುದು ಹಸುವಿನ ಬೆಲೆ. ಹಸು ಸತ್ತರೆ ಅದರ ಮೌಲ್ಯವನ್ನು ಕಂಪನಿ ಕೊಡುತ್ತದೆ, ರೈತ ಇನ್ನೊಂದು ಹಸು ಕೊಳ್ಳುತ್ತಾನೆ. ಬ್ರಿಟನ್ನಿನ ಸಾಕುಪ್ರಾಣಿ ವಿಮೆಯ ತಿರುಳು ಇದಕ್ಕೆ ವಿರುದ್ಧವಾದದ್ದು. ಐವತ್ತು ಪೌಂಡಿನ ಮೊಲ ಸತ್ತುಹೋದರೆ ಆರ್ಥಿಕವಾಗಿ ಅದೊಂದು ನಷ್ಟವೇ ಅಲ್ಲ. ಅದು ಬದುಕಿದ್ದು ಚಿಕಿತ್ಸೆ ಬೇಡಿದಾಗಲೇ ಖರ್ಚು. ಆದ್ದರಿಂದ ಪಾಲಿಸಿಯ ಹೃದಯವೆಂದರೆ ಪಶುವೈದ್ಯರ ಶುಲ್ಕ. ಉಳಿದ ಸೌಲಭ್ಯಗಳು, ಅಂದರೆ ಮೊಲ ಕಳೆದುಹೋದಾಗ ಜಾಹೀರಾತಿನ ಖರ್ಚು, ಸತ್ತಾಗ ಕೊಂಡ ಬೆಲೆಯ ಮರುಪಾವತಿ ಮುಂತಾದವು ಮುಖ್ಯ ಊಟದ ಪಕ್ಕದ ಉಪ್ಪಿನಕಾಯಿ ಇದ್ದಂತೆ. ಅವುಗಳ ಪಟ್ಟಿ ಉದ್ದವಿದೆಯೆಂದು ಪಾಲಿಸಿ ಕೊಳ್ಳಬಾರದು.

ಆ ಶುಲ್ಕ ಏಕೆ ಅಷ್ಟು ಹೆಚ್ಚು? ಇಲ್ಲಿ ಮನುಷ್ಯರ ವೈದ್ಯಕೀಯ ಸೇವೆಗೆ ವ್ಯಾಟ್ ಇಲ್ಲ. ಪಶುವೈದ್ಯರ ಬಿಲ್ಲಿಗೆ ಶೇಕಡ 20ರಷ್ಟು ವ್ಯಾಟ್ ಸೇರುತ್ತದೆ. ಚಿಕಿತ್ಸಾಲಯಗಳ ಒಡೆತನವೂ ಬದಲಾಗಿದೆ. 2013ರ ಹೊತ್ತಿಗೆ ದೊಡ್ಡ ಕಂಪನಿಗಳ ಕೈಯಲ್ಲಿದ್ದದ್ದು ಸುಮಾರು ಶೇಕಡ 10ರಷ್ಟು ಚಿಕಿತ್ಸಾಲಯಗಳು. ಈಗ ಅದು ಶೇಕಡ 60ರ ಸಮೀಪಕ್ಕೆ ಬಂದಿದೆ. ಮಾರುಕಟ್ಟೆಯ ಸ್ಪರ್ಧೆಯನ್ನು ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರವು 2024ರಲ್ಲಿ ಈ ಕ್ಷೇತ್ರದ ವಿಧ್ಯುಕ್ತ ತನಿಖೆಯನ್ನು ಆರಂಭಿಸಿತು. 2016ರಿಂದ 2023ರ ನಡುವೆ ಶುಲ್ಕಗಳು ಸರಾಸರಿ ಶೇಕಡ 63ರಷ್ಟು ಏರಿವೆ ಎಂದು ತನ್ನ 2025ರ ತಾತ್ಕಾಲಿಕ ವರದಿಯಲ್ಲಿ ಹೇಳಿತು. ಶುಲ್ಕ ಏರಿದರೆ ವಿಮೆಯ ಕಂತೂ ಏರುತ್ತದೆ. ಆ ಕಂತಿನೊಳಗೆ ಶೇಕಡ 12ರಷ್ಟು ವಿಮಾ ತೆರಿಗೆ ಬೇರೆ ಅಡಗಿರುತ್ತದೆ. ಹೀಗೆ ಯಾವ ಮಾರ್ಗ ಹಿಡಿದರೂ ಏರಿಕೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಮೊಲದ ದೇಹ ಮತ್ತು ಬಿಲ್ಲಿನ ಸ್ವರೂಪ

ವಿಮೆಯ ಲೆಕ್ಕ ಹಾಕುವ ಮುನ್ನ ಮೊಲಕ್ಕೆ ಎಂಥ ಕಾಯಿಲೆಗಳು ಬರುತ್ತವೆಂಬುದನ್ನು ತಿಳಿಯಬೇಕು. ನಾಯಿಯ ವಿಮೆಗೆ ಸರಿಯೆನಿಸುವ ತರ್ಕ ಮೊಲಕ್ಕೆ ಹೊಂದದಿರುವುದು ಈ ಕಾರಣಕ್ಕೇ.

ನಮ್ಮ ಬಯಲುಸೀಮೆಯ ಹೊಲಗಳಲ್ಲಿ ನೆಗೆದೋಡುವ ಕಾಡುಮೊಲ ಬೇರೆ ಪ್ರಭೇದ; ಅದು ಬಹುಮಟ್ಟಿಗೆ ಒಂಟಿಜೀವಿ. ಇಲ್ಲಿ ಸಾಕುವುದು ಬಿಲ ತೋಡಿ ಗುಂಪಾಗಿ ಬಾಳುವ ಯುರೋಪಿನ ಮೊಲದ ಸಂತತಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಈ ಭೇದ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಸಾಕುಮೊಲವನ್ನು ಒಂಟಿಯಾಗಿ ಇಡಬಾರದು, ಜೋಡಿಯಾಗಿಯೇ ಸಾಕಬೇಕು ಎಂಬುದು ಇಲ್ಲಿನ ಪ್ರಾಣಿಕಲ್ಯಾಣ ಸಂಸ್ಥೆಗಳೆಲ್ಲ ಹೇಳುವ ಮಾತು. ಅಂದರೆ ಕಂತುಗಳು ಎರಡು, ಲಸಿಕೆಗಳು ಎರಡು, ಒಂದೇ ಸೋಂಕು ಇಬ್ಬರಿಗೂ ತಗಲಿದರೆ ಬಿಲ್ಲುಗಳೂ ಎರಡು. ಆಯುಸ್ಸು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ. ಮೂರನೆಯ ತರಗತಿಯ ಮಗು ತಂದ ಮೊಲ ಆ ಮಗು ವಿಶ್ವವಿದ್ಯಾಲಯಕ್ಕೆ ಹೊರಡುವವರೆಗೂ ಇರಬಹುದು.

ಮೊಲದ ಬಾಯಲ್ಲಿ 28 ಹಲ್ಲುಗಳಿವೆ. ಅಷ್ಟೂ ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲುಗಳು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುವುದುಂಟು. ಒರಟು ಹುಲ್ಲನ್ನು ದಿನವಿಡೀ ಅಗಿಯುವುದರಿಂದ ಅವು ಸವೆದು ಹದದಲ್ಲಿರುತ್ತವೆ. ಹುಲ್ಲು ಕಡಿಮೆಯಾಗಿ ಗುಳಿಗೆಯಂಥ ಸಿದ್ಧ ಆಹಾರ ಹೆಚ್ಚಾದರೆ, ಅಥವಾ ತಲೆಬುರುಡೆಯ ಆಕಾರವೇ ಹಲ್ಲುಗಳ ಸಾಲಿಗೆ ಹೊಂದದಿದ್ದರೆ, ದವಡೆಹಲ್ಲುಗಳ ಅಂಚು ಮೊನಚಾಗಿ ನಾಲಗೆ, ಕೆನ್ನೆಗಳನ್ನು ಕೊಯ್ಯತೊಡಗುತ್ತದೆ. ಕಿವಿ ಜೋತುಬಿದ್ದ, ಗಿಡ್ಡ ಮೂತಿಯ ಮುದ್ದು ತಳಿಗಳಲ್ಲಿ ಇದು ಹೆಚ್ಚು. ಒಮ್ಮೆ ಹಲ್ಲಿನ ಸಾಲು ಕೆಟ್ಟರೆ ಅದು ವಾಸಿಯಾಗುವ ಕಾಯಿಲೆಯಲ್ಲ. ಕೆಲವು ವಾರಗಳಿಗೊಮ್ಮೆ ಅರಿವಳಿಕೆ ಕೊಟ್ಟು ಉಜ್ಜಿ ಸರಿಪಡಿಸುತ್ತಿರಬೇಕು. ಮನುಷ್ಯರಲ್ಲಿ ಸಿಹಿಮೂತ್ರವಿದ್ದಂತೆ ಇದು ದೀರ್ಘಕಾಲದ ಸಂಗಾತಿ. ವಿಮೆಯ ಪ್ರಶ್ನೆಯಲ್ಲಿ ಈ ಒಂದು ಸಂಗತಿ ಉಳಿದೆಲ್ಲಕ್ಕಿಂತ ದೊಡ್ಡದು. ಮುಂದೆ ಮತ್ತೆ ಅದಕ್ಕೆ ಬರುತ್ತೇನೆ.

ಎರಡನೆಯದು ಕರುಳಿನ ಸ್ತಂಭನ. ಮೊಲದ ಕರುಳು ಎಡೆಬಿಡದೆ ಚಲಿಸುತ್ತಿರಬೇಕು. ನೋವು, ಭಯ, ಆಹಾರದ ಬದಲಾವಣೆ, ಹಲ್ಲಿನ ತೊಂದರೆ ಹೀಗೆ ಯಾವುದೇ ಕಾರಣದಿಂದ ಅದು ತಿನ್ನುವುದನ್ನು ನಿಲ್ಲಿಸಿದರೆ ಕರುಳು ನಿಧಾನವಾಗಿ ನಿಂತುಹೋಗುತ್ತದೆ. ವಾಂತಿ ಮಾಡಿಕೊಳ್ಳುವ ಶಕ್ತಿಯೂ ಮೊಲಕ್ಕಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುತ್ತದೆ. ಮೂಲೆಯಲ್ಲಿ ಸುಮ್ಮನೆ ಕುಳಿತಿದೆ ಎಂದು ನಮಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅರ್ಧ ದಿನ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ. ಆದಕಾರಣ ಮೊಲದ ಬಿಲ್ಲುಗಳು ಎಷ್ಟೋ ಸಲ ರಾತ್ರಿಯ, ಭಾನುವಾರದ, ಬ್ಯಾಂಕ್ ರಜೆಯ ಬಿಲ್ಲುಗಳು; ಮಾಮೂಲು ಸಮಯದ ದರಕ್ಕಿಂತ ಬಹಳ ಹೆಚ್ಚಿನವು.

ಮೂರನೆಯದು ಅರಿವಳಿಕೆಯ ಅಪಾಯ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇಕಡ 0.17, ಬೆಕ್ಕುಗಳಲ್ಲಿ 0.24, ಮೊಲಗಳಲ್ಲಿ 1.39. ಎಂದರೆ ನಾಯಿಗಳಲ್ಲಿ ಸುಮಾರು ಆರುನೂರಕ್ಕೊಂದು, ಮೊಲಗಳಲ್ಲಿ ಸುಮಾರು ಎಪ್ಪತ್ತೆರಡಕ್ಕೊಂದು. ಅಂದಿನಿಂದ ಈಚೆಗೆ ಔಷಧಗಳೂ ನಿಗಾ ಇಡುವ ಉಪಕರಣಗಳೂ ಸುಧಾರಿಸಿವೆ. ಆದರೆ ಮೊಲಗಳಲ್ಲಿ ಅನುಭವವಿರುವ ಪಶುವೈದ್ಯರನ್ನು ಹುಡುಕಬೇಕೆಂಬ ಮಾತು ಬದಲಾಗಿಲ್ಲ. ಅಂಥವರು ಎಲ್ಲ ಊರುಗಳಲ್ಲೂ ಇರುವುದಿಲ್ಲ, ಅವರ ಶುಲ್ಕವೂ ಕಡಿಮೆಯಿರುವುದಿಲ್ಲ.

ಇನ್ನು ತಡೆಗಟ್ಟಬಹುದಾದ ಕಾಯಿಲೆಗಳು. 1953ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮಟೋಸಿಸ್, 1984ರಲ್ಲಿ ಚೀನಾದಲ್ಲಿ ಮೊದಲು ಗುರುತಿಸಲಾದ ರಕ್ತಸ್ರಾವದ ವೈರಾಣು ರೋಗ, 2010ರಲ್ಲಿ ಫ್ರಾನ್ಸಿನಲ್ಲಿ ಕಂಡ ಅದರ ಎರಡನೆಯ ರೂಪ, ಈ ಮೂರಕ್ಕೂ ವರ್ಷಕ್ಕೊಮ್ಮೆ ಕೊಡುವ ಲಸಿಕೆ ಇದೆ. ಸಂತಾನಹರಣ ಮಾಡಿಸದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹು ಸಾಮಾನ್ಯ. ಎಳೆಯ ವಯಸ್ಸಿನ ಒಂದು ಶಸ್ತ್ರಚಿಕಿತ್ಸೆ ಅದನ್ನು ಇಲ್ಲವಾಗಿಸುತ್ತದೆ. ಲಸಿಕೆಗಾಗಲಿ ಸಂತಾನಹರಣಕ್ಕಾಗಲಿ ವಿಮೆ ಹಣ ಕೊಡುವುದಿಲ್ಲ. ಲಸಿಕೆ ಹಾಕಿಸದಿದ್ದರೆ ಮಾತ್ರ ಆ ಕಾಯಿಲೆಗಳ ಖರ್ಚನ್ನು ನಿರಾಕರಿಸುತ್ತದೆ. ವಿಮೆ ಮಾಡಿಸಿದವರಿಗೂ ಒಂದಿಷ್ಟು ಉಳಿತಾಯ ಅನಿವಾರ್ಯವೆಂಬುದಕ್ಕೆ ಇದೇ ಮೊದಲ ಕಾರಣ.

ಪಾಲಿಸಿಯ ಒಳಗೆ

ನಾಯಿ ಬೆಕ್ಕುಗಳಿಗೆ ಹತ್ತಾರು ಕಂಪನಿಗಳು ಪಾಲಿಸಿ ಮಾರುತ್ತವೆ; ಮೊಲಕ್ಕೆ ಮಾರುವವರು ಕೆಲವರೇ. ಆಯ್ಕೆ ಕಡಿಮೆಯಿರುವುದರಿಂದ ಸೂಕ್ಷ್ಮಾಕ್ಷರಗಳನ್ನು ಓದುವ ಅಗತ್ಯ ಇನ್ನೂ ಹೆಚ್ಚು. ಪಾಲಿಸಿಗಳಲ್ಲಿ ಮುಖ್ಯ ಬಗೆಗಳು ಇವು: ಅಪಘಾತಕ್ಕೆ ಮಾತ್ರ ಅನ್ವಯಿಸುವವು, ಒಂದು ಕಾಯಿಲೆಗೆ ಹನ್ನೆರಡು ತಿಂಗಳು ಮಾತ್ರ ಹಣ ಕೊಟ್ಟು ಆಮೇಲೆ ಕೈಬಿಡುವವು, ಒಂದು ಕಾಯಿಲೆಗೆ ಇಂತಿಷ್ಟು ಮೊತ್ತವೆಂದು ನಿಗದಿಮಾಡಿ ಅದು ಮುಗಿದ ಮೇಲೆ ನಿಲ್ಲಿಸುವವು, ಪ್ರತಿ ವರ್ಷ ನವೀಕರಣವಾದಂತೆ ಮೊತ್ತವೂ ಹೊಸದಾಗಿ ತುಂಬಿಕೊಳ್ಳುವ ಆಜೀವ ಪಾಲಿಸಿಗಳು. ಅಪಘಾತದ ಪಾಲಿಸಿ ಮೊಲಕ್ಕೆ ಬಹುತೇಕ ವ್ಯರ್ಥ. ಮನೆಯೊಳಗಿನ ಮೊಲ ಕಾರಿನಡಿ ಸಿಕ್ಕುವುದಿಲ್ಲ. ದೀರ್ಘಕಾಲದ ಹಲ್ಲಿನ ಕಾಯಿಲೆಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕೊನೆಯ ಬಗೆ ಮಾತ್ರ, ಅದೂ ಹಲ್ಲನ್ನು ಹೊರಗಿಡದಿದ್ದರೆ. ಹಲ್ಲಿನ ಚಿಕಿತ್ಸೆಯನ್ನು ಪೂರ್ತಿ ಹೊರಗಿಡುವ ಪಾಲಿಸಿಗಳೂ, ವರ್ಷಕ್ಕೊಮ್ಮೆ ಪಶುವೈದ್ಯರಿಂದ ಹಲ್ಲು ತೋರಿಸಿದ ದಾಖಲೆ ಕೇಳುವ ಪಾಲಿಸಿಗಳೂ ಇವೆ. ಪುಸ್ತಿಕೆಯಲ್ಲಿ ಮೊದಲು ಓದಬೇಕಾದ್ದು ಆ ಪುಟ.

ಎಕ್ಸೆಸ್ ಎಂಬುದು ಪ್ರತಿ ಕಾಯಿಲೆಗೆ ನಾವು ಮೊದಲು ಭರಿಸಬೇಕಾದ ಮೊತ್ತ. ಪ್ರಾಣಿಗೆ ವಯಸ್ಸಾದ ಮೇಲೆ ಇದರ ಜೊತೆಗೆ ಉಳಿದ ಬಿಲ್ಲಿನಲ್ಲೂ ಶೇಕಡಾವಾರು ಪಾಲು ಕೇಳುವುದು ರೂಢಿ. ಪಾಲಿಸಿ ಕೊಂಡ ಮೊದಲ ಕೆಲವು ದಿನ, ಸಾಮಾನ್ಯವಾಗಿ ಎರಡು ವಾರ, ಕಾಣಿಸಿಕೊಂಡ ಕಾಯಿಲೆಗಳಿಗೆ ಹಣವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಮೆಗೆ ಮುಂಚೆಯೇ ಇದ್ದ ಕಾಯಿಲೆಗೆ ಹಣವಿಲ್ಲ. ‘ಇದ್ದ’ ಎಂಬುದಕ್ಕೆ ರೋಗನಿರ್ಣಯ ಆಗಿರಲೇಬೇಕೆಂದಿಲ್ಲ. ಲಕ್ಷಣದ ಉಲ್ಲೇಖ ಸಾಕು. ಲಸಿಕೆಗೆ ಹೋದಾಗ ಪಶುವೈದ್ಯರು ‘ಎಡ ದವಡೆಹಲ್ಲಿನಲ್ಲಿ ತುಸು ಮೊನಚು’ ಎಂದು ಒಂದು ಸಾಲು ಬರೆದಿದ್ದರೆ, ಎರಡು ವರ್ಷದ ನಂತರ ಕಂಪನಿಯು ಆ ಸಾಲನ್ನು ಹುಡುಕಿ ತೆಗೆಯುತ್ತದೆ. ದಿನವೂ ಇಂಥ ಸಾಲುಗಳನ್ನು ಬರೆಯುವ ವೃತ್ತಿಯವನಾಗಿ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ಭೇಟಿಯ ನಂತರ ಟಿಪ್ಪಣಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು, ಕೊಡುತ್ತಾರೆ. ಕಂಪನಿ ಕೇಳಿದ ಪ್ರಶ್ನೆಗಳಿಗೆ ತಕ್ಕ ಎಚ್ಚರದಿಂದ ಸತ್ಯ ಹೇಳುವುದು 2012ರ ಗ್ರಾಹಕ ವಿಮಾ ಕಾಯಿದೆಯಂತೆ ನಮ್ಮ ಕರ್ತವ್ಯ. ಹಣ ಅನ್ಯಾಯವಾಗಿ ನಿರಾಕೃತವಾಯಿತೆಂದು ತೋರಿದರೆ ಮೊದಲು ಕಂಪನಿಗೆ ದೂರು ಕೊಟ್ಟು, ಅಲ್ಲಿ ಪರಿಹಾರ ಸಿಗದಿದ್ದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಗ್ರಾಹಕರಿಗೆ ಅದು ಉಚಿತ.

ಇಲ್ಲೊಂದು ತೊಡಕಿದೆ. ಆಜೀವ ಪಾಲಿಸಿಯಲ್ಲಿ ಒಂದು ಕಾಯಿಲೆಗೆ ಹಣ ಬರತೊಡಗಿದ ಮೇಲೆ ಕಂತು ಎಷ್ಟೇ ಏರಿದರೂ ಕಂಪನಿಯನ್ನು ಬದಲಾಯಿಸುವಂತಿಲ್ಲ. ಹೊಸ ಕಂಪನಿಗೆ ಅದು ಮೊದಲೇ ಇದ್ದ ಕಾಯಿಲೆ. ಬಿಟ್ಟರೆ ಇದುವರೆಗೆ ಕಟ್ಟಿದ್ದಕ್ಕೆ ಏನೂ ಉಳಿಯುವುದಿಲ್ಲ. ಉಳಿತಾಯದ ಖಾತೆಗೆ ಈ ಬಂಧನವಿಲ್ಲ.

ನಮ್ಮ ಮನೆಯ ಲೆಕ್ಕ

ಅಂಕಿಗಳಿಲ್ಲದೆ ಇದು ತಿಳಿಯುವುದಿಲ್ಲ. ಊರೂರಿಗೆ, ವರ್ಷ ವರ್ಷಕ್ಕೆ ಅಂಕಿಗಳು ಬದಲಾಗುವುದರಿಂದ ನಮ್ಮವನ್ನೇ ಇಡುತ್ತೇನೆ. ಮರಿಗಳಿದ್ದಾಗ ನಮಗೆ ಹೇಳಿದ ಕಂತು ಒಂದು ಮೊಲಕ್ಕೆ ತಿಂಗಳಿಗೆ 13 ಪೌಂಡ್. ಎರಡಕ್ಕೆ 26, ವರ್ಷಕ್ಕೆ 312. ಎಕ್ಸೆಸ್ 95. ನಾಲ್ಕನೆಯ ವರ್ಷದಲ್ಲಿ ಎಳ್ಳುವಿಗೆ ಬಂದ ಕರುಳಿನ ಸ್ತಂಭನದ ಬಿಲ್ಲು 870 ಪೌಂಡ್. ವಿಮೆ ಇದ್ದಿದ್ದರೆ 775 ಸಿಗುತ್ತಿತ್ತು. ಕಂತು ಏರದೇ ಇದ್ದರೂ, ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಇಷ್ಟು ದೊಡ್ಡ ಬಿಲ್ಲು ಬಂದರೆ ಮಾತ್ರ ವಿಮೆ ಸರಿದೂಗುತ್ತದೆ. ಎರಡು ಆರೋಗ್ಯವಂತ ಮೊಲಗಳಿಗೆ ಅಷ್ಟು ಬರಲಿಕ್ಕಿಲ್ಲ ಎಂಬುದು ನನ್ನ ಎಣಿಕೆಯಾಗಿತ್ತು.

ಆದರೆ ಇದೇ 26 ಪೌಂಡನ್ನು ತಿಂಗಳು ತಿಂಗಳು ಉಳಿಸುತ್ತ ಹೋದರೆ 870 ಸೇರಲು ಸುಮಾರು ಎರಡೂಮುಕ್ಕಾಲು ವರ್ಷ ಬೇಕು. ಹನಿಗೂಡಿ ಹಳ್ಳವಾಗುವುದು ನಿಜ. ಹಳ್ಳ ತುಂಬುವವರೆಗೆ ಕಾಯಿಲೆ ಕಾಯುವುದಿಲ್ಲ. ಉಳಿತಾಯವನ್ನು ಹೊಗಳುವವರು ಮರೆಯುವ ಸಂಗತಿ ಇದು. ವಿಮೆ ಎರಡು ವಾರಗಳಲ್ಲಿ ಪೂರ್ಣ ಬಲಕ್ಕೆ ಬರುತ್ತದೆ, ಉಳಿತಾಯಕ್ಕೆ ವರ್ಷಗಳು ಬೇಕು. ಆದ್ದರಿಂದ ಉಳಿತಾಯದ ಮಾರ್ಗ ಹಿಡಿಯುವವರು ಮೊದಲ ದಿನವೇ ಒಂದು ಮೊತ್ತವನ್ನು ಇಡಲು ಶಕ್ತರಿರಬೇಕು. ನಾವು 1,200 ಪೌಂಡ್ ಇಟ್ಟು ತಿಂಗಳಿಗೆ 30 ಸೇರಿಸುತ್ತ ಬಂದೆವು. ಲಸಿಕೆಯ ಖರ್ಚು ಮನೆಖರ್ಚಿನಲ್ಲೇ ಹೋಯಿತು. ನನ್ನ ಹೆಂಡತಿ ಹಾಕಿದ ಷರತ್ತು ಒಂದೇ: ಆ ಖಾತೆಯ ಕಾರ್ಡು ನನ್ನ ಬಳಿ ಇರಕೂಡದು. ಬೇಸಿಗೆಯಲ್ಲಿ ಬೆಂಗಳೂರಿನ ಟಿಕೆಟ್ಟಿನ ದರ ನೋಡಿದಾಗ ಮೊಲದ ಹಣ ಎಷ್ಟು ಸುಲಭವಾಗಿ ಮನುಷ್ಯರ ಹಣವಾಗಬಲ್ಲದೆಂದು ಅವಳಿಗೆ ಗೊತ್ತು.

ಈಗ ಇನ್ನೊಂದು ಬಗೆಯ ಮೊಲವನ್ನು ಊಹಿಸಿಕೊಳ್ಳಿ. ಹಲ್ಲಿನ ಕಾಯಿಲೆ, ವರ್ಷಕ್ಕೆ ಏಳು ಸಲ ಅರಿವಳಿಕೆ, ಪ್ರತಿ ಸಲ 300 ಪೌಂಡ್ ಎಂದಿಟ್ಟುಕೊಂಡರೆ 2,100. ಹಲ್ಲನ್ನು ಒಳಗೊಂಡ ಆಜೀವ ಪಾಲಿಸಿಯಿದ್ದು, ಎಕ್ಸೆಸ್ 100 ಕಳೆದು ಉಳಿದ 2,000ದಲ್ಲಿ ಶೇಕಡ 20 ನಮ್ಮ ಪಾಲಾದರೂ ಕಂಪನಿ 1,600 ಕೊಡುತ್ತದೆ. ಮರುವರ್ಷ ಮತ್ತೆ ಕೊಡುತ್ತದೆ. ಇಂಥ ಮೊಲದ ಮುಂದೆ ಯಾವ ಸಾಧಾರಣ ಉಳಿತಾಯವೂ ಎರಡು ವರ್ಷ ನಿಲ್ಲದು. ಒಂಟಿ ಆಘಾತಕ್ಕೆ ಉಳಿತಾಯ ಸಾಕು. ಮರುಕಳಿಸುವ ಖರ್ಚಿಗೆ ವಿಮೆಯೇ ಬೇಕು. ದುರದೃಷ್ಟವೆಂದರೆ ಮೊಲಗಳಲ್ಲಿ ಮರುಕಳಿಸುವ ಖರ್ಚಿನ ಮುಖ್ಯ ಮೂಲ ಹಲ್ಲು, ಪಾಲಿಸಿಗಳು ಹಿಂಜರಿಯುವುದೂ ಹಲ್ಲಿನ ಬಳಿಯೇ.

ನನ್ನ ಅಭಿಪ್ರಾಯ ಹೀಗಿದೆ. ಸಾವಿರದೈನೂರು ಪೌಂಡನ್ನು ಇಂದೇ ಬೇರೆಯಿಟ್ಟು ಮುಟ್ಟದಿರಬಲ್ಲ ಮನೆಯವರು, ಉದ್ದ ಮೂತಿಯ ಗಟ್ಟಿ ತಳಿಯ ಮೊಲಗಳನ್ನು ಸಾಕಿ ಹುಲ್ಲೇ ಮುಖ್ಯ ಆಹಾರವಾಗಿ ಕೊಡುವವರು ಉಳಿತಾಯವನ್ನು ಆರಿಸಬಹುದು. ಆ ಮೊತ್ತ ಇಲ್ಲದವರು, ಅಥವಾ ಬಾಗುಕಿವಿಯ ಗಿಡ್ಡ ಮೂತಿಯ ಮರಿ ತಂದವರು, ಮರಿಯ ಟಿಪ್ಪಣಿಗಳಲ್ಲಿ ಒಂದು ಸಾಲೂ ಬೀಳುವ ಮುನ್ನ ಹಲ್ಲು ಸೇರಿದ ಆಜೀವ ಪಾಲಿಸಿಯನ್ನು ಮಾಡಿಸಿ, ಎಕ್ಸೆಸ್‌ಗೂ ಲಸಿಕೆಗೂ ಆಗುವಷ್ಟು ಸಣ್ಣ ಉಳಿತಾಯವನ್ನೂ ಇಡಬೇಕು. ಆರೇಳು ವರ್ಷದ ಮೊಲವನ್ನು ಆಶ್ರಯಧಾಮದಿಂದ ತಂದವರಿಗೆ ವಿಮೆಯ ಬಾಗಿಲು ಬಹುತೇಕ ಮುಚ್ಚಿರುತ್ತದೆ. ನಾಲ್ಕಾರು ಮೊಲಗಳಿರುವ ಮನೆಯಲ್ಲಿ ಕಂತುಗಳ ಮೊತ್ತವೇ ದೊಡ್ಡದಾಗಿ, ಮನೆಯೇ ಒಂದು ಪುಟ್ಟ ವಿಮಾ ಕಂಪನಿಯಾಗುವುದು ಲೇಸು. ಎಲ್ಲವೂ ಒಟ್ಟಿಗೆ ಕಾಯಿಲೆ ಬೀಳುವುದು ಅಪರೂಪ, ಲಸಿಕೆ ಹಾಕಿಸಿದ್ದರೆ. ಇಷ್ಟಾದರೂ ಈ ವಿಷಯದಲ್ಲಿ ವಾದಿಸುವವರಲ್ಲಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ ಹೆಚ್ಚು.

ಹಣ ಮತ್ತು ನಿರ್ಧಾರ

ಎಳ್ಳು ಕಾಯಿಲೆ ಬಿದ್ದದ್ದು ಈಸ್ಟರ್ ರಜೆಯ ಭಾನುವಾರ ರಾತ್ರಿ. ತುರ್ತು ಚಿಕಿತ್ಸಾಲಯದಲ್ಲಿ ಕೇಳಿದ ಎರಡನೆಯ ಪ್ರಶ್ನೆ ‘ವಿಮೆ ಇದೆಯೇ?’ ಎಂಬುದು. ಪಶುವೈದ್ಯೆ ಒಂದು ಹನಿ ರಕ್ತದಲ್ಲಿ ಗ್ಲೂಕೋಸ್ ನೋಡಿದರು. ಇದು ನನಗೆ ಹೊಸ ವಿದ್ಯೆಯಾಗಿತ್ತು. ಮೊಲದಲ್ಲಿ ಕರುಳು ಬರಿದೆ ನಿಂತಿದೆಯೋ, ಅಡ್ಡಿಯಿಂದ ಕಟ್ಟಿಕೊಂಡಿದೆಯೋ ಎಂಬುದಕ್ಕೆ ಗ್ಲೂಕೋಸ್ ಒಳ್ಳೆಯ ಸುಳಿವು ಕೊಡುತ್ತದೆ. ಬ್ರಿಟಿಷ್ ಪಶುವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರುಳು ಕಟ್ಟಿದ ಮೊಲಗಳ ಸರಾಸರಿ 24.7 ಮಿಲಿಮೋಲ್ ಇತ್ತು, ಬರಿಯ ಸ್ತಂಭನದವುಗಳಲ್ಲಿ 8.5. ಎಳ್ಳುವಿನದು ಒಂಬತ್ತರ ಆಸುಪಾಸಿನಲ್ಲಿತ್ತು. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಲಿಲ್ಲ. ದ್ರವ, ನೋವುನಿವಾರಕ, ಕರುಳು ಚಾಲನೆಯ ಔಷಧ, ಸಿರಿಂಜಿನಲ್ಲಿ ಆಹಾರ. ಜೊತೆಗಾರ ಇದ್ದರೆ ಧೈರ್ಯವೆಂದು ಬೆಲ್ಲನನ್ನೂ ಒಯ್ದಿದ್ದೆವು. ಅವನು ಪಕ್ಕದಲ್ಲಿ ಕುಳಿತು ಅವಳ ಪಾಲಿನ ಸೊಪ್ಪನ್ನೂ ತಿಂದ. ಮೂರನೆಯ ದಿನ ಇಬ್ಬರೂ ಮನೆಗೆ ಬಂದರು. ನಡುವೆ ಒಂದು ಮಾತು: ಇಂಥ ಹೊತ್ತಿನಲ್ಲಿ ಮನೆಯ ಔಷಧಪೆಟ್ಟಿಗೆಯನ್ನು ತೆರೆಯುವ ಚಪಲ ನಮ್ಮ ವೃತ್ತಿಯವರಿಗೆ ಹೆಚ್ಚು. ಪೆನಿಸಿಲಿನ್ ಗುಂಪಿನ ಗುಳಿಗೆ, ಸಿರಪ್ಪುಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಜೀವಾಣುಗಳನ್ನು ಹಾಳುಗೆಡವಿ ಕೊಲ್ಲಬಲ್ಲವು.

ಬೆಲ್ಲನ ಕತೆ ಬೇರೆ. ಆರೂವರೆ ವರ್ಷದವನಾದಾಗ ಕೆಳದವಡೆಯಲ್ಲಿ ಗಂಟು ಕಾಣಿಸಿತು. ಹಲ್ಲಿನ ಬೇರಿನ ಕೀವು. ಮೊಲದ ಕೀವು ಬೆಣ್ಣೆಯಂತೆ ಗಟ್ಟಿ. ಮನುಷ್ಯರಲ್ಲಿ ಮಾಡುವಂತೆ ಕೊಯ್ದು ಹರಿಯಬಿಡುವಂತಿಲ್ಲ. ಹಲ್ಲುಗಳನ್ನು ತೆಗೆದು, ಗಾಯವನ್ನು ತೆರೆದಿಟ್ಟು, ವಾರಗಟ್ಟಲೆ ತೊಳೆಯುತ್ತಿರಬೇಕು, ಆದರೂ ಮರುಕಳಿಸಬಹುದು. ತಜ್ಞರ ಅಂದಾಜು 2,400 ಪೌಂಡ್. ಆ ಹೊತ್ತಿಗೆ ಖಾತೆಯಲ್ಲಿ 2,600ಕ್ಕೂ ಹೆಚ್ಚಿತ್ತು. ಅವನು ಹತ್ತು ದಿನಗಳಿಂದ ಹುಲ್ಲು ಮುಟ್ಟಿರಲಿಲ್ಲ, ತೂಕ ಇಳಿದಿತ್ತು, ಸ್ಕ್ಯಾನಿನಲ್ಲಿ ಮೂಳೆಯೂ ಕೊರೆದಿತ್ತು. ನಾವು ಮೂವರೂ ಕುಳಿತು ಮಾತಾಡಿ ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದೆವು. ಹದಿನಾರರ ಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಹಣಕ್ಕಾಗಿ ಅಲ್ಲ ತಾನೇ?’ ಅಲ್ಲವೆಂದು ಹೇಳಿ, ಖಾತೆಯ ಪುಟವನ್ನು ತೋರಿಸಿದೆ. ಹಣ ಇರುವುದರಿಂದ ಮೊಲ ಬದುಕುವುದೆಂದೇನೂ ಇಲ್ಲ. ಹಣ ಇಲ್ಲದಿದ್ದರೆ ಮಾತ್ರ ಕಾರಣ ಯಾವುದೆಂಬುದು ನಮಗೇ ಖಚಿತವಾಗಿ ತಿಳಿಯುವುದಿಲ್ಲ.

ಆದ್ದರಿಂದ ವಿಮೆಯಿರಲಿ ಉಳಿತಾಯವಿರಲಿ, ಯಾವ ಚಿಕಿತ್ಸೆಯವರೆಗೆ ಹೋಗುವೆವು ಎಂಬುದನ್ನು ಮೊಲ ಚೆನ್ನಾಗಿರುವಾಗಲೇ ಮನೆಯಲ್ಲಿ ಮಾತಾಡಿಕೊಳ್ಳಬೇಕು. ಊರಿಗೆ ಹೋಗುವ ನಮ್ಮಂಥವರಿಗಂತೂ ಇದು ಕಡ್ಡಾಯ. ನಾವು ನಾಲ್ಕು ವಾರ ಕರ್ನಾಟಕದಲ್ಲಿರುವಾಗ ಇಲ್ಲಿ ಬೇಸಿಗೆ; ನೊಣಗಳು ಮೊಲದ ಹಿಂಭಾಗದ ಕೊಳೆಯಲ್ಲಿ ಮೊಟ್ಟೆಯಿಟ್ಟರೆ ಒಂದೇ ದಿನದೊಳಗೆ ಹುಳುಗಳಾಗುವ ಕಾಲ. ಮೊಲಗಳನ್ನು ನೋಡಿಕೊಳ್ಳುವ ಗೆಳೆಯರ ಕೈಯಲ್ಲಿ, ಮತ್ತು ಚಿಕಿತ್ಸಾಲಯದ ದಾಖಲೆಯಲ್ಲಿ, ಸಹಿ ಮಾಡಿದ ಪತ್ರವಿರಬೇಕು: ನಮ್ಮನ್ನು ಸಂಪರ್ಕಿಸಲಾಗದಿದ್ದರೆ ಯಾರು ಒಪ್ಪಿಗೆ ಕೊಡಬಹುದು, ಎಷ್ಟು ಹಣದವರೆಗೆ, ನೋವು ಮೀರಿದರೆ ದಯಾಮರಣಕ್ಕೆ ಅನುಮತಿಯುಂಟೇ. ಪಾಲಿಸಿಯಿದ್ದರೆ ಅದರ ಸಂಖ್ಯೆ. ಹಲವು ಚಿಕಿತ್ಸಾಲಯಗಳಲ್ಲಿ ಮೊದಲು ನಾವೇ ಪಾವತಿಸಿ ಆಮೇಲೆ ಕಂಪನಿಯಿಂದ ಪಡೆಯಬೇಕಾಗುವುದರಿಂದ, ಗೆಳೆಯರು ತಮ್ಮ ಕೈಯಿಂದ ಹಣ ಹಾಕುವಂತಾಗದ ಏರ್ಪಾಡೂ ಬೇಕು.

ವಿಮೆಯೂ ಇಲ್ಲ, ಉಳಿತಾಯವೂ ಇಲ್ಲ ಎಂಬ ಸ್ಥಿತಿಯಲ್ಲಿ ಮೊಲ ಕಾಯಿಲೆ ಬಿದ್ದರೆ ಮುಜುಗರಪಡದೆ ಮೊದಲ ಮಾತಿನಲ್ಲೇ ಪಶುವೈದ್ಯರಿಗೆ ನಿಮ್ಮ ಮಿತಿಯನ್ನು ಹೇಳಿ. ಆ ಮಿತಿಯೊಳಗೆ ಮಾಡಬಹುದಾದ ಚಿಕಿತ್ಸೆಯನ್ನು ಯೋಜಿಸುವುದು ಅವರ ವೃತ್ತಿಯ ಭಾಗವೇ. ಔಷಧಚೀಟಿಯನ್ನು ಬರೆಸಿಕೊಂಡು ಹೊರಗೆ ಕಡಿಮೆ ದರಕ್ಕೆ ಔಷಧ ಕೊಳ್ಳಬಹುದು. ಚೀಟಿಗೆ ಶುಲ್ಕವಿರುತ್ತದೆ, ದೀರ್ಘಕಾಲದ ಔಷಧವಾದರೆ ಅದು ಗಿಟ್ಟುತ್ತದೆ. 1917ರಲ್ಲಿ ಮರಿಯಾ ಡಿಕಿನ್ ಲಂಡನ್ನಿನ ಬಡವರ ಪ್ರಾಣಿಗಳಿಗೆಂದು ಆರಂಭಿಸಿದ ಪಿಡಿಎಸ್‌ಎ ಇಂದಿಗೂ ಸರ್ಕಾರಿ ನೆರವು ಪಡೆಯುವ ಅರ್ಹ ಕುಟುಂಬಗಳಿಗೆ ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುತ್ತದೆ. ಬ್ಲೂ ಕ್ರಾಸ್ ಕೂಡ ಕೆಲವು ಪ್ರದೇಶಗಳಲ್ಲಿ ನೆರವಾಗುತ್ತದೆ. ನಿಮ್ಮ ಅಂಚೆಸಂಖ್ಯೆ ಅವರ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಚಿಕಿತ್ಸಾಲಯ ನಡೆಸುವ ಪಶುವೈದ್ಯರು ದಿನದ 24 ಗಂಟೆಯೂ ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವುಶಮನಕ್ಕೆ ಏರ್ಪಾಡು ಮಾಡಿರಬೇಕೆಂಬುದು ಇಲ್ಲಿನ ವೃತ್ತಿನಿಯಮ. ನಿಮ್ಮ ಚಿಕಿತ್ಸಾಲಯ ಮುಚ್ಚಿರುವಾಗ ಆ ಏರ್ಪಾಡು ಎಲ್ಲಿದೆ, ಅಲ್ಲಿ ಮೊಲಗಳನ್ನು ಬಲ್ಲವರು ಇದ್ದಾರೆಯೇ ಎಂದು ವಿಚಾರಿಸಿ, ದೂರವಾಣಿ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.